ಎಷ್ಟು ಗಿಟಾರ್ ಇದ್ದರೆ ಸಾಕು?

ಗೋಡೆಯ ಮೇಲೆ ಹನ್ನೊಂದು ಗಿಟಾರ್; ವಾರವಿಡೀ ಕೈಗೆ ಬರುವುದು ಎರಡೇ. ಉಳಿದವುಗಳಲ್ಲಿ ಒಂದನ್ನು ಇಳಿಸಿಕೊಂಡರೆ ತಂತಿ ತುಕ್ಕು ಹಿಡಿದಿದೆ, ಮುಟ್ಟಿದ ಬೆರಳ ತುದಿಗೆ ಕಂದು ಗೆರೆ ಅಂಟುತ್ತದೆ. ಹವ್ಯಾಸಿ ವಾದಕನಿಗೆ ಇದು ಜಾಗದ ತಾಪತ್ರಯವೆಂದು ತೋರಬಹುದು. ಆದರೆ ಇದು ಬಹಳ ಹಳೆಯ ಧರ್ಮಪ್ರಶ್ನೆ.

ಜೈನ ಗ್ರಂಥವಾದ ತತ್ತ್ವಾರ್ಥ ಸೂತ್ರದಲ್ಲಿ ಉಮಾಸ್ವಾತಿಗಳು ಪರಿಗ್ರಹವನ್ನು, ಎಂದರೆ ಸ್ವತ್ತು ಕೂಡಿಟ್ಟುಕೊಳ್ಳುವುದನ್ನು, ‘ಮೂರ್ಛೆ’ ಎಂದೇ ಕರೆಯುತ್ತಾರೆ. ಅಂದರೆ, ವಸ್ತುವಿಗೆ ಮನಸ್ಸು ಮೈಮರೆತು ಅಂಟಿಕೊಳ್ಳುವುದು. ಜೈನ ಮುನಿ ಎಲ್ಲವನ್ನೂ ತೊರೆಯಬೇಕು. ಗೃಹಸ್ಥನಾದ ಶ್ರಾವಕನಿಗೆ ಪರಿಗ್ರಹದ ವಿಷಯದಲ್ಲಿ ಅಣುವ್ರತ ಸಾಕು. ತನ್ನ ಸ್ವತ್ತಿಗೆ ತಾನೇ ಮಿತಿ ಹಾಕಿಕೊಳ್ಳುವ ವ್ರತ ಅದು. ಎಷ್ಟು ಮಾನವೀಯವಾದ ಏರ್ಪಾಡು! ನುಡಿಸುವುದನ್ನು ಬಿಡು ಎನ್ನುವುದಿಲ್ಲ, ಲೆಕ್ಕ ಹೇಳು ಎನ್ನುತ್ತದೆ.

ಹಾಗಾದರೆ ಒಂಬತ್ತನ್ನು ಕೊಟ್ಟು ಎರಡನ್ನು ಉಳಿಸಿಕೊಂಡವನ ಮೋಹವೆಲ್ಲ ಆ ಎರಡರ ಮೇಲೇ ಬಂದು ಕೂತರೆ?

ಇದಕ್ಕೊಂದು ಉದಾಹರಣೆ ನೋಡೋಣ. ಬ್ರಿಟಿಷ್ ರಾಕ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ 1970ರ ಸುಮಾರಿಗೆ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಆರು ಹಳೆಯ ಫೆಂಡರ್ ಸ್ಟ್ರಾಟೋಕಾಸ್ಟರ್‌ಗಳನ್ನು ಕೊಂಡರು. ಸಂಗೀತಗಾರ ಗೆಳೆಯರಾದ ಜಾರ್ಜ್ ಹ್ಯಾರಿಸನ್, ಪೀಟ್ ಟೌನ್‌ಶೆಂಡ್, ಸ್ಟೀವ್ ವಿನ್‌ವುಡ್‌ಗೆ ಒಂದೊಂದು ಕೊಟ್ಟು, ಮಿಕ್ಕ ಮೂರರ ಒಳ್ಳೆಯ ಭಾಗಗಳನ್ನು ಕೂಡಿಸಿ ‘ಬ್ಲ್ಯಾಕಿ’ ಎಂಬ ಗಿಟಾರನ್ನು ಕಟ್ಟಿಕೊಂಡರು. ವರ್ಷಗಟ್ಟಲೆ ಅದೇ ಅವರ ಸಂಗಾತಿ. 1999ರಲ್ಲಿ ನೂರು ಗಿಟಾರ್‌ಗಳನ್ನು ಹರಾಜಿಗಿಟ್ಟಾಗಲೂ ಅದನ್ನು ಮಾತ್ರ ಬಿಡಲಿಲ್ಲ. ನಿಜವಾದ ಪರೀಕ್ಷೆ ಆ ಒಂದರದ್ದೇ. 2004ರಲ್ಲಿ ಬ್ಲ್ಯಾಕಿಯೂ ಹರಾಜಾಯಿತು. ಬಂದದ್ದು 9,59,500 ಡಾಲರ್. ಆ ಹರಾಜಿನ ಹಣ ಆಂಟಿಗುವಾದಲ್ಲಿ ಅವರೇ ಸ್ಥಾಪಿಸಿದ ವ್ಯಸನಮುಕ್ತಿ ಕೇಂದ್ರಕ್ಕೆ ಹೋಯಿತು.