ಔಷಧದ ಋಣ

ಮೆಲನೋಮವೆಂಬ ಚರ್ಮದ ಕ್ಯಾನ್ಸರಿಗೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಪಿಲಿಮುಮ್ಯಾಬ್ ಒಂದು ಪ್ರತಿಕಾಯದ ಔಷಧ. ಅದು ಗಡ್ಡೆಯನ್ನು ನೇರವಾಗಿ ನಾಶಮಾಡದು; ದೇಹದ ರಕ್ಷಕ ಜೀವಕೋಶಗಳಿಗಿರುವ ತಡೆಯನ್ನು ತೆಗೆಯುತ್ತದೆ. ಈ ತತ್ತ್ವವನ್ನು ಮೊದಲು ಪರೀಕ್ಷಿಸಿದ್ದು ಇಲಿಗಳ ಮೇಲೆ. ಪ್ರತಿಕಾಯವನ್ನು ಪಡೆದದ್ದೂ ಇಲಿಗಳಿಂದಲೇ. ಶ್ರಾವಕನು ಇದನ್ನು ಸ್ವೀಕರಿಸಬಹುದೆ ಎಂದು ರೋಗಪೀಡಿತ ಬಂಧುವೊಬ್ಬರು ನನ್ನನ್ನು ಕೇಳಿದರು.

ರೋಗಿಗೆ ಕೊಲ್ಲುವ ಇಚ್ಛೆಯಿಲ್ಲ. ಆದುದರಿಂದ ಸಂಕಲ್ಪೀ ಹಿಂಸೆಯ ದೋಷ ಅವನದಲ್ಲ. ಆದರೆ ‘ನಾನು ಕೊಲ್ಲಲಿಲ್ಲ, ಕೊಂಡೆನಷ್ಟೆ’ ಎಂಬ ಸಮಾಧಾನವೂ ಸಲ್ಲದು. ಕೃತ, ಕಾರಿತಗಳೊಡನೆ ಅನುಮೋದನೆಯನ್ನೂ ಶಾಸ್ತ್ರವು ಎಣಿಸುತ್ತದೆ. ಖಾತೆಯಲ್ಲಿ ಬರೆಯದ ಮಾತ್ರಕ್ಕೆ ಸಾಲವು ತೀರದೆಂಬುದನ್ನು ವ್ಯಾಪಾರಿಯಾದ ನಾನು ಬಲ್ಲೆ.

ಔಷಧವನ್ನು ಸ್ವೀಕರಿಸೋಣ, ಋಣವನ್ನೂ ಒಪ್ಪಿಕೊಳ್ಳೋಣ. ಪ್ರತಿಕ್ರಮಣದಲ್ಲಿ ಆ ಮೂಕಜೀವಿಗಳನ್ನು ಸ್ಮರಿಸೋಣ. ಪ್ರಾಣಿಗಳನ್ನು ಬಳಸದ ಸಂಶೋಧನೆಗೂ ಬಡರೋಗಿಗಳ ಔಷಧದಾನಕ್ಕೂ ನಮ್ಮ ಬಸದಿಗಳ ಟ್ರಸ್ಟುಗಳು ಒಂದು ಪಾಲನ್ನು ತೆಗೆದಿಡಲಿ.