ಇದೆ, ಇಲ್ಲಗಳ ಪಟ್ಟಿ

ಜೀವಕೋಶದ ಪಾಠ ಬಂದಾಗ ಕಪ್ಪುಹಲಗೆಯ ನಡುವೆ ಗೆರೆ ಎಳೆದು ಎಡಕ್ಕೆ ಸಸ್ಯಕೋಶ, ಬಲಕ್ಕೆ ಪ್ರಾಣಿಕೋಶ ಎಂದು ಬರೆಯುವುದು ರಾಣೇಬೆನ್ನೂರಿನಲ್ಲಿ ವಿಜ್ಞಾನ ಕಲಿಸುವ ನನ್ನ ಬಹುಕಾಲದ ರೂಢಿ. ಕೋಶಭಿತ್ತಿ: ಇದೆ, ಇಲ್ಲ. ದೊಡ್ಡ ರಸದಾನಿ: ಇದೆ, ಇಲ್ಲ. ಹಸಿರು ಕಣಗಳಾದ ಕ್ಲೋರೋಪ್ಲಾಸ್ಟ್: ಇದೆ, ಇಲ್ಲ. ಪರೀಕ್ಷೆಗೆ ಈ ಪಟ್ಟಿ ಅನುಕೂಲ. ಒಮ್ಮೆ ಹುಡುಗಿಯೊಬ್ಬಳು ಈರುಳ್ಳಿಯ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದವಳು ಹಲಗೆಯ ಬಲಭಾಗವನ್ನು ದಿಟ್ಟಿಸಿ ಕೇಳಿದಳು: “ಗ್ವಾಡಿನ ಇಲ್ಲಂದ್ರ ಪ್ರಾಣಿ ಕೋಶ ಒಡದು ಹೋಗೂದಿಲ್ಲೇನ್ರೀ ಸರ?”

ಒಡೆಯುತ್ತದೆ. ರಕ್ತದ ಕೆಂಪು ಕಣಗಳನ್ನು ಶುದ್ಧ ನೀರಿಗೆ ಬಿಟ್ಟರೆ ನೀರು ಒಳನುಗ್ಗಿ, ಉಬ್ಬಿ ಒಡೆದುಹೋಗುತ್ತವೆ. ರೋಗಿಗೆ ಹಚ್ಚುವ ಸಲೈನಿನಲ್ಲಿ ಶೇಕಡ 0.9ರಷ್ಟು ಉಪ್ಪಿರುವುದು ಅದಕ್ಕಾಗಿಯೇ. ಈರುಳ್ಳಿಯ ಕೋಶ ಅದೇ ನೀರಿನಲ್ಲಿ ಒಡೆಯದು. ರಸದಾನಿ ತುಂಬಿಕೊಂಡು ಒಳಗಿನಿಂದ ಒತ್ತುತ್ತದೆ, ಸೆಲ್ಯುಲೋಸಿನ ಭಿತ್ತಿ ಆ ಒತ್ತಡವನ್ನು ತಡೆದು ಹಿಡಿಯುತ್ತದೆ. ಎಲುಬಿಲ್ಲದ ಮೆಣಸಿನ ಸಸಿ ಎರೆಹೊಲದಲ್ಲಿ ನೆಟ್ಟಗೆ ನಿಲ್ಲುವುದು ಈ ಎರಡರ ಸಮಬಲದಿಂದ. ನೀರು ಸಾಲದಾದಾಗ ಸಸಿ ಬಾಡಿ ಜೋಲುತ್ತದಲ್ಲ, ಆಗಲೂ ಭಿತ್ತಿ ಎಲ್ಲಿಯೂ ಹೋಗಿರುವುದಿಲ್ಲ. ಒಳಗಿನ ತುಂಬುತನ ಹೋಗಿರುತ್ತದೆ.

ಹಾಗಾದರೆ ಗೋಡೆಯಿಲ್ಲದ ಕೋಶ ಬದುಕುವುದು ಹೇಗೆ? ಅದರ ಸುತ್ತಲಿನ ದ್ರವದಲ್ಲಿ ಉಪ್ಪು, ನೀರು ಹದ ಮೀರದಂತೆ ಮೂತ್ರಪಿಂಡಗಳು ಹಗಲಿರುಳು ನೋಡಿಕೊಳ್ಳುತ್ತವೆ. ಕೋಶದ ಪೊರೆಯೂ ಸುಮ್ಮನಿರುವುದಿಲ್ಲ, ಒಳಗಿನ ಸೋಡಿಯಮನ್ನು ಬಿಡುವಿಲ್ಲದೆ ಹೊರಗೆ ತಳ್ಳುತ್ತಿರುತ್ತದೆ. ಸಸ್ಯಕೋಶಕ್ಕೆ ಅದರ ಭಿತ್ತಿ ಕೊಡುವ ರಕ್ಷಣೆಯನ್ನು ಪ್ರಾಣಿಕೋಶ ತನ್ನ ಎಚ್ಚರದಿಂದಲೂ ಇತರ ಕೋಶಗಳ ದುಡಿಮೆಯಿಂದಲೂ ಪಡೆಯುತ್ತದೆ. ನನ್ನ ಪಟ್ಟಿಯಲ್ಲಿ ಇದೆಲ್ಲಕ್ಕೂ ಸೇರಿ ಇದ್ದದ್ದು ‘ಇಲ್ಲ’ ಎಂಬ ಒಂದೇ ಮಾತು.

ಆ ‘ಇಲ್ಲ’ದಿಂದ ಏನೇನು ಸಾಧ್ಯವಾಗಿದೆ ಎಂದು ಯೋಚಿಸುತ್ತ ಹೋದೆ. ಗಡುಸು ಭಿತ್ತಿಯೊಳಗೆ ಸ್ನಾಯುವಿನ ಕೋಶ ಕುಗ್ಗಿ ಹಿಗ್ಗಲಾರದು. ಬಿಳಿ ರಕ್ತಕಣ ಆಕಾರ ಬದಲಿಸುತ್ತ ನುಸುಳಿ ಹೋಗಿ ರೋಗಾಣುವನ್ನು ನುಂಗಲಾರದು. ನಮ್ಮೂರ ಹೊರಗೆ 119 ಚದರ ಕಿಲೋಮೀಟರಿನ ಅಭಯಾರಣ್ಯವಿದೆ, 1974ರಲ್ಲಿ ಕೃಷ್ಣಮೃಗಗಳಿಗಾಗಿಯೇ ಘೋಷಿಸಿದ್ದು. ಅಲ್ಲಿನ ಮೃಗದ ನೆಗೆತ ಆ ಬಲಭಾಗದ ‘ಇಲ್ಲ’ದ ವರ. ಆದರೆ ಅದು ಮೇಯುವ ಹುಲ್ಲು ಎಡಭಾಗದ್ದು. ಬಿಸಿಲಿನಿಂದ ಆಹಾರ ಮಾಡುವ ವಿದ್ಯೆ ಹುಲ್ಲಿನಲ್ಲಿ ಇಲ್ಲದಿದ್ದರೆ ನೆಗೆಯುವ ಕಾಲಿಗೆ ಕಸುವೆಲ್ಲಿಂದ ಬರಬೇಕು?

ಇನ್ನೊಂದು ಸಂಗತಿಯೂ ನನ್ನನ್ನು ತಡೆದು ನಿಲ್ಲಿಸಿತು. ಮಕ್ಕಳು ಪ್ರತಿವರ್ಷ ನೋಡುವ ಈರುಳ್ಳಿಯ ಪೊರೆಯಲ್ಲಿ ಕ್ಲೋರೋಪ್ಲಾಸ್ಟ್ ಕಾಣುವುದಿಲ್ಲ. ಮಣ್ಣಿನೊಳಗೆ ಬೆಳಕಿಲ್ಲದಲ್ಲಿ ಅದಕ್ಕೆ ಆಹಾರ ಮಾಡುವ ಕೆಲಸವಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಕಥೆ ಇನ್ನೂ ಸೊಗಸು. ಕಾಯಿ ಹಣ್ಣಾಗುವಾಗ ಪತ್ರಹರಿತ್ತು ಕರಗಿ, ಅದೇ ಕ್ಲೋರೋಪ್ಲಾಸ್ಟ್ ಕ್ರೋಮೋಪ್ಲಾಸ್ಟ್ ಆಗಿ ಮಾರ್ಪಟ್ಟು ಕ್ಯಾಪ್ಸಾಂಥಿನ್ ಎಂಬ ಕೆಂಪನ್ನು ತುಂಬಿಕೊಳ್ಳುತ್ತದೆ. ಬಿಸಿಲಿಗೆ ಹರವಿದ ಕಾಯಿಯಿಂದ ನೀರು ಆರಿ ಸಿಪ್ಪೆ ಸುಕ್ಕುಗಟ್ಟಿದರೂ ಬಣ್ಣ ಉಳಿಯುತ್ತದೆ. 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಈ ಕಾಯಿಯನ್ನು ಜನ ಬಯಸುವುದು ಖಾರಕ್ಕಿಂತ ಹೆಚ್ಚಾಗಿ ಈ ಕೆಂಪಿಗಾಗಿ. ಅಂದಮೇಲೆ ಎಡಭಾಗದ ‘ಇದೆ’ ಕೂಡ ಸ್ಥಿರವಲ್ಲ. ಒಂದು ಕೆಲಸ ಮುಗಿಸಿದ ಕಣ ಅಲ್ಲಿಯೇ ಇನ್ನೊಂದಕ್ಕೆ ತೊಡಗಿರುತ್ತದೆ.

ಇಂಥ ಪಟ್ಟಿ ನಮ್ಮ ಮನೆಯಲ್ಲೂ ಇದೆ. ನನ್ನ ತಮ್ಮ ಓದು ಮುಗಿಸಿ ಊರು ಬಿಟ್ಟ, ಕೆಲಸ ಬದಲಾದಂತೆ ನಗರ ಬದಲಿಸಿದ. ನಾನು ಬ್ಯಾಡಗಿ ಸೀಮೆಯ ಹೊಲ, ಅವ್ವ, ಶಾಲೆ ಇವುಗಳ ನಡುವೆ ಉಳಿದೆ. “ಅವಗ ಎಲ್ಲಾ ಐತಿ, ಊರೊಂದಿಲ್ಲ” ಎಂದು ಅವ್ವ ಹೇಳುವಾಗ ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಅವನ ಕಣ್ಣಿನಲ್ಲಿ ನನಗೂ ಇಲ್ಲದವುಗಳ ಪಟ್ಟಿಯೊಂದು ಇದ್ದಿರಲೇಬೇಕು. ಹೊಸ ಜಾಗದಲ್ಲಿ ಮತ್ತೆ ಮತ್ತೆ ಹದ ಹುಡುಕಿಕೊಳ್ಳಲು ಅವನು ಪಟ್ಟ ಶ್ರಮವನ್ನು ನಾನು ಎಂದೂ ಎಣಿಕೆಗೆ ತೆಗೆದುಕೊಂಡಿರಲಿಲ್ಲ.

ಕೋಶ ಸಿದ್ಧಾಂತ ಹುಟ್ಟಿದ್ದು ಹೋಲಿಕೆಯನ್ನು ಗುರುತಿಸಿದ್ದರಿಂದ. ವಿಜ್ಞಾನಿ ಶ್ಲೈಡನ್ ಸಸ್ಯಗಳನ್ನು ನೋಡುತ್ತಿದ್ದರು, ಶ್ವಾನ್ ಪ್ರಾಣಿಗಳನ್ನು. ಒಮ್ಮೆ ಜೊತೆಯಲ್ಲಿ ಊಟ ಮಾಡುವಾಗ ಶ್ಲೈಡನ್ ಸಸ್ಯಕೋಶದ ಕೋಶಕೇಂದ್ರವನ್ನು ವರ್ಣಿಸಿದರು. ಅಂಥದ್ದನ್ನೇ ತಾನು ಪ್ರಾಣಿಯ ಅಂಗಾಂಶದಲ್ಲಿ ಕಂಡಿರುವುದು ಶ್ವಾನ್‌ಗೆ ಹೊಳೆಯಿತು. 1839ರ ಶ್ವಾನ್‌ರ ಗ್ರಂಥದ ಹಿಂದೆ ಆ ಮಾತುಕತೆ ಇದೆ. ಕೋಶಕೇಂದ್ರ, ಪೊರೆ, ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಎರಡೂ ಕಡೆ ಇವೆ. ನಾನೀಗ ಹಲಗೆಯ ಮೇಲೆ ಮೊದಲು ಇವನ್ನು ಬರೆಯುತ್ತೇನೆ. ಗೆರೆ ಎಳೆಯುವುದು ಆಮೇಲೆ.

ಕೋಶಕ್ಕೂ ನಮ್ಮ ಮನೆಗೂ ಕಂಡ ಹೋಲಿಕೆಯನ್ನು ಬಹುದೂರ ಎಳೆಯಲು ನನಗೆ ಅಂಜಿಕೆಯೂ ಇದೆ. ಭಿತ್ತಿ ಬೇಕೋ ಬೇಡವೋ ಎಂದು ಕೋಶ ಆರಿಸಿಕೊಂಡದ್ದಲ್ಲ. ತಮ್ಮ ಹೋದದ್ದು, ನಾನು ಉಳಿದದ್ದು ಮಾತ್ರ ಸ್ವಲ್ಪವಾದರೂ ನಮ್ಮ ಆಯ್ಕೆ. ಅದರ ಹೊಣೆಯೂ ನಮ್ಮದೇ. ಹೊಲವನ್ನು ಇಟ್ಟುಕೊಳ್ಳುವುದೋ ಮಾರುವುದೋ ಎಂದು ಅವನು ಈಗ ಕೇಳುತ್ತಿದ್ದಾನೆ. ಅದನ್ನು ಯಾವ ಸೂಕ್ಷ್ಮದರ್ಶಕವೂ ತೀರ್ಮಾನಿಸಿ ಕೊಡದು. ಅವನು ಊರಿಗೆ ಬಂದಾಗ ಅವ್ವನನ್ನು ಎದುರಿಗೆ ಕೂರಿಸಿಕೊಂಡು ಮಾತಾಡಬೇಕು, ಈ ಸಲ ಮೊದಲು ಅವನ ಮಾತು ಕೇಳಬೇಕು.