ಮಡಿಕೆಯ ಗೆರೆ

ಅಜ್ಜಿ ತೀರಿಕೊಂಡ ಮೇಲೆ ಅವಳ ಟ್ರಂಕು ತೆಗೆದೆ. ಧಾರೆ ಸೀರೆಗೆ ಎಷ್ಟು ಇಸ್ತ್ರಿ ಹಾಕಿದರೂ ಮಡಿಕೆಯ ಗೆರೆ ಹೋಗಲಿಲ್ಲ. ಕಾಲೇಜಿನಲ್ಲಿ ಕ್ರೊಮ್ಯಾಟಿನ್ ಪಾಠ ಮಾಡುವಾಗಲೆಲ್ಲ ನನಗೆ ಆ ಸೀರೆಯೇ ನೆನಪು. ನಮ್ಮ ದೇಹದ ಬಹುತೇಕ ಕೋಶಗಳಲ್ಲಿ ಒಂದೊಂದರಲ್ಲೂ ಸುಮಾರು 2 ಮೀಟರ್ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡು ಮಡಿಚಿಕೊಂಡಿದೆ. ಚರ್ಮಕ್ಕೂ ನರಕ್ಕೂ ಬರಹ ಒಂದೇ. ತೆರೆದಿರುವ ಪುಟಗಳು ಬೇರೆ.

"ಪ್ರಾರಬ್ಧ ಅನುಭವಿಸಿಯೇ ತೀರಬೇಕು ಮಗಾ" ಅನ್ನುತ್ತಿದ್ದಳು ಅಜ್ಜಿ. ಆದರೆ ಕೋಶದ ಮಟ್ಟಿಗೆ, 2006ರಲ್ಲಿ ಕ್ಯೋಟೋದ ವಿಜ್ಞಾನಿಗಳಾದ ಶಿನ್ಯಾ ಯಮನಾಕ ಮತ್ತು ಕಜುತೋಶಿ ತಕಹಾಶಿ, ಇಲಿಯ ಬಾಲದ ತುದಿಯ ಕೋಶಗಳಿಗೆ ನಾಲ್ಕೇ ಜೀನು ಸೇರಿಸಿ, ಅವನ್ನು ಭ್ರೂಣದ ಕಾಂಡಕೋಶದಂಥ ಸ್ಥಿತಿಗೆ ಮರಳಿಸಿದರು. ಹಾಗಾದರೆ ಆದದ್ದನ್ನು ಆಗಿಲ್ಲವೆನಿಸಬಹುದೇ? ಪೂರ್ತಿ ಅಲ್ಲ. 2010ರ ಪ್ರಯೋಗಗಳಲ್ಲಿ, ರಕ್ತಕೋಶದಿಂದ ಹಾಗೆ ಮರಳಿದ ಕೋಶಗಳು ಮತ್ತೆ ರಕ್ತವಾಗಲು ಹೆಚ್ಚು ಒಲಿದವು. ಅವುಗಳ ಡಿಎನ್‌ಎ ಮೇಲೆ ಹಳೆಯ ಮಿಥೈಲ್ ಗುರುತುಗಳು ಉಳಿದಿದ್ದವು. ತಲೆಮಾರುಗಟ್ಟಲೆ ಬೆಳೆಸಿದಾಗ ಅವೂ ಮಾಸುತ್ತ ಬಂದವು.

ಕೋಶದ ಈ ನೆನಪನ್ನು ಕರ್ಮಸಿದ್ಧಾಂತಕ್ಕೆ ಪುರಾವೆ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಕೋಶಕ್ಕೆ ಪಾಪವೂ ಇಲ್ಲ, ಪಶ್ಚಾತ್ತಾಪವೂ ಇಲ್ಲ. ನನಗಿದೆ. ಆಸ್ತಿಯ ಜಗಳದಲ್ಲಿ ತಮ್ಮನಿಗೆ ನಾನಾಡಿದ ಮಾತನ್ನು ಅವನು ಕ್ಷಮಿಸಿದ್ದಾನೆ, ಮರೆತಿಲ್ಲ. ಮರೆಯದೆಯೂ ಕ್ಷಮೆ ಪೂರ್ಣವಾಗುತ್ತದೆಂದು ನಂಬುತ್ತೇನೆ.

ಮೊನ್ನೆ ತಮ್ಮನ ಮಗಳ ಮದುವೆಯಲ್ಲಿ ಅವಳು ಅಜ್ಜಿಯ ಸೀರೆಯನ್ನೇ ಉಟ್ಟಳು. ಸೆರಗಿನ ಮೇಲೆ ಗೆರೆ ಕಾಣುತ್ತಿತ್ತು.